ಗಂಗಪ್ಪನನ್ನು ಯಾರೂ ದಬ್ಬಲಿಲ್ಲ

ರಾಮದುರ್ಗದ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅಪ್ಪ ಮಗಳು ಕುಳಿತಿದ್ದರು.

“ನಾ ಬ್ರೇಕ್ ಹಾಕಿದ್ದಕ್ಕ ಗಂಗಪ್ಪ ಸತ್ತ, ಸಪ್ನಾ.”

“ಟ್ರ್ಯಾಕ್ಟರಿಗೆ ಎಮ್ಮಿ ಅಡ್ಡ ಬಂದಿತ್ತಲ್ಲಪಾ.”

“ಹತ್ತಿ ಚೀಲದ ಮ್ಯಾಲ ಕುಂತಾವ ಮುಂದ ಹಾರಿ ಬಿದ್ದ. ನಾನ ದಬ್ಬಿದಂಗಾತು.”

“ಯಾರೂ ದಬ್ಬಿಲ್ಲ. ಕಾಲೇಜಿನ್ಯಾಗ ಕಲಿಸ್ಯಾರ. ಟ್ರ್ಯಾಕ್ಟರ್ ಜೋಡಿ ಗಂಗಪ್ಪ ಕಾಕಾನೂ ಹೊಂಟಿದ್ದ. ನೀ ಟ್ರ್ಯಾಕ್ಟರ್ ನಿಲ್ಲಿಸಿದಿ. ಅವನ್ನ ಹಿಡದು ನಿಲ್ಲಸಾಕ ಏನೂ ಇರಲಿಲ್ಲ.”

“ಅಂದ್ರ ಅವ ಇನ್ನೂ ಹೊಂಟ ಇದ್ದ?”

“ಹೂಂ.”

“ಇದನ್ನ ಅವನ ಹೇಣ್ತಿಗೆ ಹೆಂಗ ಹೇಳಲಿ?”

“ಏನೂ ಹೇಳಬ್ಯಾಡ. ತೊರಗಲ್ಲಿನ್ಯಾಗ ಇಳದು, ಅಕಿ ಮುಂದ ಸುಮ್ನ ಕುಂತು ಬರೂಣು.”

ತೊರಗಲ್ಲಿನಲ್ಲಿ ಬಸ್ಸು ಗಕ್ಕನೆ ನಿಂತಿತು. ಎಲ್ಲರೂ ಮುಂದಕ್ಕೆ ಮುಗ್ಗರಿಸಿದೆವು. ಅಪ್ಪನ ಕೈ ಮಗಳಿಗೆ ಅಡ್ಡ ಚಾಚಿತ್ತು.

“ಕೈ ತಗೀಪಾ, ಬಸ್ ನಿಂತೈತಿ. ಇಳಿಯೂಣು.”