ಭಾವನ ದೋಣಿಯ ಟ್ಯಾಂಕು

ಟ್ಯಾಂಕನ್ನ ಕೊಂದಿದ್ದು ನೀವೇ, ಭಾವ. ಉಪ್ಪುನೀರಲ್ಲ, ಟ್ಯಾಂಕು ಮಾಡಿದವನೂ ಅಲ್ಲ. ನೀವು... ಬಾಗಿಲ ಕಡೆ ಯಾಕೆ ನೋಡ್ತೀರಿ? ಅಕ್ಕ ಬರಲ್ಲ. ಬಂದರೂ ನನ್ನ ಪಕ್ಷ.

ಕೂತ್ಕೊಳ್ಳಿ. ಆ ಡಬ್ಬದ ಮೇಲಲ್ಲ, ಅದರ ತುಂಬ ಗ್ರೀಸು... ಕೂತೇಬಿಟ್ರಿ. ಸರಿ, ಪ್ಯಾಂಟು ಹೋಯ್ತು. ಟ್ಯಾಂಕೇ ಹೋಗಿರೋವಾಗ ಪ್ಯಾಂಟಿನ ಲೆಕ್ಕ ಏನು.

ನಾಲ್ಕು ಗಂಟೆಗೆ ಶಾಲೆ ಮಕ್ಕಳನ್ನ ದಾಟಿಸಬೇಕು, ಅಷ್ಟರೊಳಗೆ ಪೆಟ್ರೋಲ್ ವಾಸನೆ ನಿಲ್ಲಿಸು ಅಂತ ಬಂದಿದ್ದೀರಿ. ವಾಸನೆ ನಿಲ್ಲಿಸೋದು! ಮೂರು ದಿನದ ಹಿಂದೆಯೇ ಟಿಕೆಟ್ ಹರಿಯೋ ಅಜ್ಜಿ ಹೇಳಿದ್ದಳಂತೆ. ನೀವು ಅದಕ್ಕೆ ನಿಂಬೆಹಣ್ಣಿನ ಪರಿಮಳದ ಬಾಟಲಿ ತಂದು ತೂಗುಹಾಕಿದಿರಂತೆ. ಹೆಣಕ್ಕೆ ಸಿಂಗಾರ ಅಂದ್ರೆ ಇದೇ.

ಯಾಕೆ ನಗ್ತೀರಿ? ನಗೋ ವಿಷಯಕ್ಕೆ ನಾನಿನ್ನೂ ಬಂದೇ ಇಲ್ಲ.

ಮೂರು ತಿಂಗಳು ದೋಣಿ ಕಟ್ಟಿಹಾಕಿದ್ರಿ. ಟ್ಯಾಂಕಲ್ಲಿ ಎಷ್ಟಿತ್ತು? ಕಾಲು ಭಾಗ. ಉಳಿದ ಮುಕ್ಕಾಲಲ್ಲಿ ಇದ್ದಿದ್ದು ಬರೀ ಗಾಳಿ. ತಣ್ಣಗಾದಾಗ ಆ ಗಾಳಿ ಬೆವರತ್ತೆ, ಭಾವ. ಬೆವರಿದ ನೀರು ಗೋಡೆ ಇಳಿದು, ಪೆಟ್ರೋಲಿನ ಅಡಿಗೆ ಹೋಗಿ ಕೂತು, ತಳ ತಿನ್ನತ್ತೆ. ತುಂಬಿಸಿಡಿ, ತುಂಬಿಸಿಡಿ ಅಂತ ಎಷ್ಟು ಬಡ್ಕೊಂಡೆ. ಪಾಠ ಕಲಿಯದವಳು ಪಾಠ ಹೇಳಬೇಡ ಅಂದ್ರಿ. ಹೌದು, ನನಗೆ ಯಾರೂ ಕಲಿಸಿಲ್ಲ. ಕೆಟ್ಟ ಎಂಜಿನ್ನುಗಳೇ ಕಲಿಸಿದ್ದು. ಕಲಿತವರು ಏನು ಮಾಡಿದ್ರು? ವರ್ಷಕ್ಕೊಂದ್ಸಲ ಇನ್ಸ್‌ಪೆಕ್ಟರ್ ಬಂದ, ಹಲಗೆಯ ಕಿಂಡಿಯೊಳಗೆ ಕೈ ಹಾಕಿ ಟ್ಯಾಂಕಿನ ನೆತ್ತಿ ಮೇಲೆ ಬಡಿದ, ಗಟ್ಟಿಯಿದೆ ಅಂತ ಬರೆದ, ಹೋದ. ತಳ ಕೊಳೆಯೋ ವಸ್ತುವಿಗೆ ತಲೆ ಬಡಿದರೆ ಏನು ಗೊತ್ತಾಗತ್ತೆ?

ಸಾಲದ್ದಕ್ಕೆ ಅಲ್ಯೂಮಿನಿಯಂ ಟ್ಯಾಂಕಿಗೆ ಹಿತ್ತಾಳೆ ನಲ್ಲಿ ಹಾಕಿಸಿದ್ರಿ. ಅವೆರಡೂ ಅತ್ತೆ-ಸೊಸೆ. ಮಧ್ಯೆ ಉಪ್ಪುನೀರು ಬಂತೋ, ಒಂದು ಇನ್ನೊಂದನ್ನ ತಿಂದೇ ಬಿಡತ್ತೆ... ನಗಿ, ನಗಿ. ಅಕ್ಕನಿಗೆ ಹೇಳ್ತೀನಿ.

ಈಗ ಇರೋ ದಾರಿ ಒಂದೇ. ಪೆಟ್ರೋಲು ಖಾಲಿ ಮಾಡಿ, ಗಾಳಿಯಾಡೋಕೆ ಬಿಟ್ಟು, ಕೈಗರಗಸದಲ್ಲಿ ಮೇಲಿನ ಹಲಗೆ ಕೊಯ್ದು, ಟ್ಯಾಂಕು ಎತ್ತಬೇಕು. ಮೊದಲು ಒಂದು ಸಲ ನೋಡೋಣ ಅಂತೀರಾ? ನೋಡೋಕೇನಿದೆ? ಮೇಲೆ ಫಳಫಳ ಅಂತಿದೆ. ಅಡೀಲಿ ಎರಡು ಪದರ ಕೆಂಪು ಕಾರ್ಪೆಟ್ಟು, ಅಂಟು ಹಚ್ಚಿ ಒತ್ತಿರೋದು, ಆರು ವರ್ಷದಿಂದ ಉಪ್ಪುನೀರು ಕುಡಿದು ಕೂತಿದೆ. ಗಾಯಕ್ಕೆ ಒದ್ದೆ ಬಟ್ಟೆ ಸುತ್ತಿಟ್ಟರೆ ಒಣಗತ್ತಾ? ಆ ಎಡಮೂಲೇಲಿ, ಕಾರ್ಪೆಟ್ಟಿನ ಎರಡು ತುಂಡು ಸೇರೋ ಕಡೆ, ತೂತು ಬಿದ್ದೇ ಇರತ್ತೆ.

ಏನಂದ್ರಿ?... ಮತ್ತೆ ಹಾಗ್ಯಾಕೆ ನೋಡ್ತೀರಿ?

ಕೆಂಪು ಅಂದ್ನಾ? ಅಂದಾಜಿಗೆ ಅಂದೆ. ಕಾರ್ಪೆಟ್ಟು ಸಾಮಾನ್ಯವಾಗಿ ಕೆಂಪೇ ಇರತ್ತಲ್ಲ... ಎಡಮೂಲೆ... ಅದೂ ಅಂದಾಜೇ.

ಹೌದು. ಆರು ವರ್ಷದಿಂದ ಆ ಹಲಗೆ ಯಾರೂ ತೆಗೆದಿಲ್ಲ. ಟ್ಯಾಂಕು ಕೂರಿಸಿದ ದಿನ ನೀವು ಊರಲ್ಲೂ ಇರಲಿಲ್ಲ.

ಬೈದುಬಿಡಿ, ಭಾವ.

ನಾನೇ ಇಟ್ಟೆ. ಹಳೇ ಟ್ಯಾಂಕು ಗಡಗಡ ಅನ್ನತ್ತೆ, ದೋಣಿಯಲ್ಲಿ ಕೂತವರು ಗೊಣಗ್ತಾರೆ ಅಂದಿದ್ರಿ. ನನ್ನ ಮೊದಲ ಕೆಲಸ. ಉಸಿರೂ ಕೇಳಬಾರದು ಅಂತ ಸುತ್ತ ಕಾರ್ಪೆಟ್ಟು ತುರುಕಿದೆ. ಕೇಳಲಿಲ್ಲ. ನನ್ನ ನಾದಿನಿ ಕೈಯಿಟ್ಟರೆ ದೋಣಿ ಮಗು ಥರ ಮಲಗತ್ತೆ ಅಂತ ನೀವು ಬೀದಿಬೀದೀಲಿ ಹೇಳ್ಕೊಂಡು ಬಂದ್ರಿ. ಎರಡು ವರ್ಷ ಆದ ಮೇಲೆ ಬೇರೆ ಯಾರದೋ ದೋಣಿ ಬಿಚ್ಚಿದೆ. ಹೀಗೇ ಕಾರ್ಪೆಟ್ಟು ಇಟ್ಟಿದ್ದ ಟ್ಯಾಂಕು ಬಿಸ್ಕತ್ತಿನ ಥರ ಕೈಗೇ ಪುಡಿಯಾಗಿ ಬಂತು. ಅವತ್ತೇ ನಿಮ್ಮ ಮನೆಗೆ ಓಡಿ ಬರಬೇಕಿತ್ತು. ಬರಲಿಲ್ಲ. ಆ ಹೊಗಳಿಕೆ ಬಿಟ್ಟುಕೊಡೋಕೆ ಮನಸ್ಸಾಗಲಿಲ್ಲ. ತುಂಬಿಸಿಡಿ ಅಂತ ಬಡ್ಕೊಂಡೆ, ಅಷ್ಟೇ. ಕಾಲು ಭಾಗ ನಿಮ್ಮ ತಪ್ಪು ಭಾವ, ಮುಕ್ಕಾಲು ನನ್ನದು.

ನನ್ನ ಜೊತೆ ಮಾತು ಬಿಡೋದಾದ್ರೆ ನಾಳೆಯಿಂದ ಬಿಡಿ. ಈಗ ಮೂರೂಕಾಲು. ಮೂವತ್ತು ಮಕ್ಕಳು ಆ ಹಲಗೆ ಮೇಲೆ ಕೂರ್ತಾರೆ. ಅಡೀಲಿ ಪೆಟ್ರೋಲಿನ ಆವಿ ತುಂಬಿದೆ, ಎಂಜಿನ್ ಹತ್ತಿಸೋ ಕಿಡಿ ಒಂದೇ ಸಾಕು.

ದೋಣಿ ಕೀಲಿ ಇಲ್ಲಿ ಕೊಡಿ. ಕೊಟ್ಟು ಜೆಟ್ಟಿಗೆ ಓಡಿ, ಇವತ್ತು ದೋಣಿ ಬಿಡಲ್ಲ ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳಿ. ಯಾಕೆ ಅಂತ ಕೇಳಿದ್ರೆ ನನ್ನ ಹೆಸರೇ ಹೇಳಿ. ಏಳಿ, ಭಾವ.