ಮುಕ್ತಾ ಕೊಡದೆ ಇಟ್ಟ ಚೂರಿ

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಡಲಿಲ್ಲ. ಠಾಣೆ ನಗರದ ಮಾಜಿವಾಡಾದಲ್ಲಿ ನೀರು ನಿಂತಿದೆ, ಘೋಡಬಂದರ್ ರಸ್ತೆಯಲ್ಲಿ ಗಾಡಿಗಳು ಅಲುಗಾಡುತ್ತಿಲ್ಲ ಎಂದು ಎಲ್ಲರ ಫೋನುಗಳೂ ಹೇಳುತ್ತಿದ್ದವು. ಊಟಕ್ಕೆಂದು ಜಯಲತಕ್ಕನ ಮನೆಗೆ ಬಂದಿದ್ದ ನಾವು ಅಲ್ಲೇ ಉಳಿದುಕೊಂಡೆವು. ಅಕ್ಕನ ಮಗ ಕೌಶಲ್ ಸೈನ್ಯದ ತರಬೇತಿ ಮುಗಿಸಿ ಲೆಫ್ಟಿನೆಂಟ್ ಆಗಿ, ಆ ವಾರವೇ ತನ್ನ ಮೊದಲ ಪಲ್ಟನ್ ಸೇರಲು ಹೊರಡುವವನಿದ್ದ. ಅವನ ಚೀಲದಿಂದ ಒಂದು ಚೂರಿ ಹೊರಬಂದಿತ್ತು. ಮಡಚುವಂಥದ್ದಲ್ಲ, ಗೇಣುದ್ದದ ಅಲಗಿನದು, ಕಪ್ಪು ಒರೆಯಲ್ಲಿ. ಅದರ ಮೇಲೆಯೇ ಮಾತು ನಡೆದಿತ್ತು.

"ಬಂದೂಕು ಕೊಡ್ತಾರಲ್ಲ ನಿಂಗೆ? ಈ ಚೂರಿ ಎಂತಕ್ಕೆ? ನೋಡಿದ್ರೇ ಹೆದರಿಕೆ ಆಗ್ತದೆ ನಂಗೆ" ಎಂದಳು ಅಕ್ಕ.

"ಮಮ್ಮಿ ಸಹೀ ಬೋಲ್ ರಹೀ ಹೈ" ಎಂದಳು ಕೌಶಲನ ತಂಗಿ ಅನುಷ್ಕಾ. "ಡ್ರೋನ್ ಕಾ ಜಮಾನಾ ಹೈ. ಚಾಕೂ ಸೇ ಕೌನ್ ಲಡ್ತಾ ಹೈ?" ಈ ಡ್ರೋನ್ ಕಾಲದಲ್ಲಿ ಚೂರಿ ಹಿಡಿದು ಯಾರು ಕಾದಾಡುತ್ತಾರೆ ಎಂದು ಅವಳ ಪ್ರಶ್ನೆ.

ಅಷ್ಟರಲ್ಲಿ ಕರೆಂಟ್ ಹೋಯಿತು. ಅಕ್ಕ ಮೇಣದಬತ್ತಿ ಹಚ್ಚಿಟ್ಟಳು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಕಿಟ್ಟಣ್ಣ ಕೈ ಚಾಚಿ ಚೂರಿಯನ್ನು ಕೇಳಿ ತೆಗೆದುಕೊಂಡರು. ಕಿಟ್ಟಣ್ಣ ಇದೇ ಕಟ್ಟಡದವರು. ಸೈನ್ಯದಲ್ಲಿ ಹವಾಲ್ದಾರರಾಗಿದ್ದು, ನಿವೃತ್ತಿಯ ನಂತರ ವಾಗ್ಳೆ ಎಸ್ಟೇಟಿನ ಫ್ಯಾಕ್ಟರಿಯೊಂದರ ಭದ್ರತೆ ನೋಡಿಕೊಂಡಿದ್ದವರು. ಈಗ ಎಪ್ಪತ್ತು ದಾಟಿದ ವಯಸ್ಸು. ಚೂರಿಯನ್ನು ಒರೆಯಿಂದ ಸ್ವಲ್ಪವೇ ಎಳೆದು, ಮತ್ತೆ ಒಳಗೆ ತಳ್ಳಿ, ಹೇಳತೊಡಗಿದರು.

"ಇದೇ ಜಗಳ ನಮ್ಮ ಬ್ಯಾರಕ್ಕಿನಲ್ಲೂ ಆಗ್ತಿತ್ತು ಮಾರಾಯಾ... ಅರ್ಧ ಜನ ಹೇಳೋದು, ಕೈಯಲ್ಲಿ ಬಂದೂಕು ಇರುವಾಗ ಸೊಂಟಕ್ಕೆ ಈ ಕಬ್ಬಿಣದ ಭಾರ ಯಾಕೆ, ಅದರ ಬದಲು ನಾಲ್ಕು ಗುಂಡು ಜಾಸ್ತಿ ಹಿಡ್ಕೊಳ್ಳಿ ಅಂತ. ಉಳಿದವರು, ಅವರಲ್ಲಿ ನಾನೂ ಒಬ್ಬ, ಚೂರಿ ಇರೋದು ಕೊಲ್ಲಲಿಕ್ಕೆ ಅಲ್ಲ, ಹಗ್ಗ ಕೊಯ್ಯಲಿಕ್ಕೆ, ಗಾಯ ಆದವನ ಅಂಗಿ ಹರೀಲಿಕ್ಕೆ, ಅದೂ ಎಳೆದ ಕೂಡ್ಲೇ ಕೆಲಸಕ್ಕೆ ಬರುವಂಥದ್ದೇ ಬೇಕು ಅಂತ. ಚಳಿಗೆ ಬೆರಳು ಮರಗಟ್ಟಿ, ಒಂದೇ ಕೈ ಖಾಲಿ ಇರುವಾಗ, ಮಡಚಿದ ಚೂರಿ ಬಿಡಿಸ್ಲಿಕ್ಕೆ ಆಗ್ತದಾ? ನೀನೇ ಹೇಳು.

"ಆ ಜಗಳದಲ್ಲಿ ಎಲ್ಲರನ್ನೂ ನಗಿಸ್ತಿದ್ದವ ಮಯೂರ. ನಮ್ಮ ಉಡುಪಿ ಕಡೆಯವರ ಮಗ, ಆದ್ರೆ ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಅಪ್ಪಂದು ಸ್ಟೇಷನ್ ಹತ್ರ ಹೋಟ್ಲು. 'ಕಿಟ್ಟಣ್ಣ, ಈರುಳ್ಳಿ ಹೆಚ್ಚಿ ಹೆಚ್ಚಿ ಸಾಕಾಗಿ ನಾನು ಮಿಲಿಟರಿಗೆ ಓಡಿ ಬಂದವ, ಇಲ್ಲಿಯೂ ನನ್ನ ಕೈಗೆ ಚೂರಿ ಕೊಡ್ತೀರಲ್ಲ' ಅಂತಿದ್ದ. ಜೇಬಲ್ಲಿ ಒಂದು ಸಣ್ಣ ಮಡಚುವ ಚೂರಿ ಮಾತ್ರ, ಅದೂ ಪೇರಳೆಹಣ್ಣು ಕೊಯ್ದು ತಿನ್ಲಿಕ್ಕೆ.

"ಅವನ ಹೆಂಡ್ತಿ ಮುಕ್ತಾ. ಪಕ್ಕದ ಕಲ್ಯಾಣ ಊರಿನ ಮರಾಠಿ ಹುಡುಗಿ, ಲೋಕಲ್ ಟ್ರೈನಿನಲ್ಲಿ ಪರಿಚಯ ಆಗಿ, ಎರಡೂ ಮನೆಯವರು ಮುಖ ತಿರುಗಿಸಿ, ಕಡೆಗೆ ಅವನ ಅಮ್ಮನೇ ಮಣಿದು ಆದ ಮದುವೆ. ನಾನು ರಜೆಯಲ್ಲಿ ಹೋದಾಗಲೆಲ್ಲ 'ದಾದಾ, ದಾದಾ' ಅಂತ, ಅಣ್ಣ ಅಂತ ಕರೆದು ಬಡಿಸ್ತಿದ್ಲು. ನನ್ನ ವಾದ ಎಲ್ಲ ಕೇಳಿದ್ಲಲ್ಲ, ಕಲ್ಯಾಣದ ಒಬ್ಬ ಕಮ್ಮಾರನಿಗೆ ಹೇಳಿ ಗಂಡನಿಗೆ ಅಂತ ಚೂರಿ ಮಾಡಿಸಿದ್ಲು, ಹೆಚ್ಚುಕಮ್ಮಿ ಇಷ್ಟೇ ಉದ್ದದ್ದು. ಅವ ಹೊರಡುವ ದಿನ ಚೀಲ ಮುಚ್ಚಲಿಲ್ಲ. ಚೂರಿ ತೆಗೆದು ಅವಳ ಕೈಗೇ ಕೊಟ್ಟ. 'ಇದರ ಜಾಗದಲ್ಲಿ ನಿನ್ನ ಬೇಸನ್ ಲಾಡಿನ ಡಬ್ಬಿ ಹಿಡೀತದೆ ನೋಡು' ಅಂದ. ಅವಳಿಗೆ ಸಿಟ್ಟು ಬರಬೇಕಿತ್ತು... ಬರಲಿಲ್ಲ. ಖುಷಿಯಾಯ್ತಂತೆ. ಯಾವ ಹೆಂಡತಿಗೆ ಆಗುದಿಲ್ಲ ಹೇಳಿ?

"ಆ ಮಳೆಗಾಲದಲ್ಲಿ ನಾವು ಈಶಾನ್ಯದಲ್ಲಿದ್ದೆವು. ಒಂದು ಹೊಳೆ ದಾಟ್ಬೇಕಿತ್ತು, ಈ ದಡದಿಂದ ಆ ದಡಕ್ಕೆ ಹಗ್ಗ ಕಟ್ಟಿ. ನಾನು ದಾಟಿ ಆಗಿತ್ತು, ಮಯೂರ ನಡುನೀರಿನಲ್ಲಿದ್ದ. ಅಷ್ಟೊತ್ತಿಗೆ ಮೇಲಿನ ಕಾಡಿನಿಂದ ಗುಂಡು ಸುರುವಾಯ್ತು. ನಾವೂ ಹೊಡೆದೆವು. ಅವನ ಕಾಲು ಜಾರಿತು. ಬೆನ್ನಿನ ಚೀಲದ ಪಟ್ಟಿ ಹಗ್ಗಕ್ಕೆ ಸುತ್ತಿಕೊಳ್ತು, ನೀರು ಎಳೀತಾ ಉಂಟು, ಪಟ್ಟಿ ಬಿಗೀತಾ ಉಂಟು. ಒಂದು ಕೈಯಲ್ಲಿ ಹಗ್ಗ ಹಿಡ್ಕೊಂಡು, ಇನ್ನೊಂದರಲ್ಲಿ ಜೇಬಿನ ಚೂರಿ ತೆಗೆದು, ಹೆಬ್ಬೆರಳಲ್ಲಿ ಬಿಡಿಸ್ಲಿಕ್ಕೆ ನೋಡ್ತಾ ಇದ್ದ... ಹಲ್ಲಲ್ಲಿ ಕಚ್ಚಿ ಎಳೆದ... ನಮ್ಮ ಇಬ್ಬರು ಹುಡುಗರು ನೀರಿಗೆ ಹಾರಿದ್ರು. ಮುಟ್ಟುವಷ್ಟರಲ್ಲಿ ಕಟ್ಟಿದ ಹಗ್ಗವೇ ಕಿತ್ತು, ಅವನನ್ನೂ ಕಟ್ಟಿಕೊಂಡು ಹೋಯ್ತು. ಹೊಳೆಯ ಉದ್ದಕ್ಕೂ ಹುಡುಕಿದೆವು. ಸಿಗಲಿಲ್ಲ. ಸಾವು ಅಂತ ಹೇಳಿ ಮನೆಗೆ ಕಳಿಸ್ಲಿಕ್ಕೆ ಒಂದು ಬೂಟೂ ಸಿಗಲಿಲ್ಲ."

ಕಿಟ್ಟಣ್ಣ ನೀರು ಕೇಳಿ ಕುಡಿದರು. ಕೌಶಲ್ ಬಂದು ಅವರ ಕಾಲ ಬಳಿ ನೆಲದ ಮೇಲೆ ಕೂತ.

"ಫಿರ್ ಕ್ಯಾ ಹುವಾ ಅಜ್ಜ? ಆಮೇಲೆ?"

"ನಾನು ನಿವೃತ್ತಿಯಾಗಿ ಈ ಠಾಣೆ ಊರಿಗೆ ಬಂದ ಮೇಲೆ ಒಂದು ಜುಲೈಯಲ್ಲಿ ಅವಳನ್ನು ನೋಡ್ಲಿಕ್ಕೆ ಡೊಂಬಿವಲಿಗೆ ಹೋದೆ. ಅದೇ ಹಳೇ ಬಿಲ್ಡಿಂಗು, ಎರಡನೇ ಮಾಳಿಗೆ. ಅತ್ತೆ ಮಾವ ತೀರಿಕೊಂಡಿದ್ರು, ಇವಳು ಒಬ್ಳೇ, ಶಾಲೆಯಲ್ಲಿ ಕಲಿಸಿಕೊಂಡು ಇದ್ಲು. ತವರಿನವರು ಇನ್ನೊಂದು ಮದುವೆಗೆ ಎಷ್ಟು ಹೇಳಿದ್ರೂ ಕೇಳಿರಲಿಲ್ಲ. ನಾನು ಹೋಗಿ ಕೂತದ್ದೇ ತಡ, ಇವತ್ತಿನ ಹಾಗೇ ಮಳೆ. ಗಾಡಿ ಬಂದ್. ಎಲ್ಲರೂ ಮಳೆಗೆ ಬೈತಾರಲ್ಲ, ಇವಳು ಮಾತ್ರ ಕಿಟಕಿಯಿಂದ ನೋಡ್ತಾ ನೋಡ್ತಾ ಮುಖ ಅರಳಿಸಿದ್ಲು. ಒಳಗೆ ಹೋಗಿ ಸೀರೆ ಬದಲಿಸಿ, ತಲೆ ಬಾಚಿ, ಹೂ ಮುಡಿದು ಬಂದ್ಲು. ಬಾಗಿಲಿನ ಒಳಗೆ ಒಂದು ಮಣೆ ಹಾಕಿ, ಎರಡು ಕಪ್ಪು ಚಹಾ ತಂದಿಟ್ಲು. 'ದಾದಾ, ನೀವು ಹೆದರಬೇಡಿ' ಅಂದ್ಲು ನಂಗೆ.

"ನಾನು ಗುಂಡಿನ ಎದುರು ನಿಂತವ... ಎಂತ ಹೆದರಿಕೆ ಅಂದುಕೊಂಡೆ. ಆಮೇಲೆ ಬಾಗಿಲು ತಟ್ಟಿದ ಸದ್ದು.

"ಅವನೇ. ಅದೇ ವಯಸ್ಸು, ನನಗೂ ಅವಳಿಗೂ ತಲೆ ನೆರೆತರೂ ಅವನಿಗೆ ಒಂದು ಕೂದಲು ಬೆಳ್ಳಗಾಗಿರಲಿಲ್ಲ. ಯೂನಿಫಾರಮ್ಮಿಂದ ನೀರು ಇಳೀತಾ ಉಂಟು. ಹೆಗಲ ಮೇಲಿಂದ ಎದೆಗೆ ಅಡ್ಡವಾಗಿ ಆ ಪಟ್ಟಿ, ಅದರ ತುದಿಗೆ ಹಗ್ಗ... ಆ ಹಗ್ಗ ಹಿಂದಕ್ಕೆ ಬಿಗಿಯಾಗಿ ಮೆಟ್ಟಿಲು ಇಳಿದು ಕೆಳಗೆ ಕತ್ತಲೆಗೆ ಹೋಗಿದೆ. ಕೆಳಗಿನಿಂದ ಯಾರೋ ಎಳೀತಿದ್ದ ಹಾಗೆ. ಹೊಸ್ತಿಲು ದಾಟಲಿಕ್ಕೆ ಅದು ಬಿಡೂದಿಲ್ಲ.

"'ಮುಕ್ತಾ, ಆ ಚೂರಿ ಕೊಡು' ಅಂದ.

"'ಕೊಡ್ತೇನೆ ರೀ, ಹುಡುಕ್ತೇನೆ, ಎಲ್ಲಿ ಇಟ್ಟೆನೋ ಏನೋ... ಅಷ್ಟರವರೆಗೆ ಚಹಾ ಕುಡೀರಿ' ಅಂದ್ಲು. ಅಂದವಳು ಎದ್ದು ಹುಡುಕಲೇ ಇಲ್ಲ! ಅಲ್ಲೇ ಮಣೆ ಮೇಲೆ ಕೂತು ಮಾತಿಗೆ ಸುರು ಮಾಡಿದ್ಲು. ಶಾಲೆಯ ಮಕ್ಕಳ ಸುದ್ದಿ, ಪಕ್ಕದ ಮನೆಯವರ ಸುದ್ದಿ, ಕಲ್ಯಾಣದ ತಮ್ಮನ ಮಗಳ ಮದುವೆ ಸುದ್ದಿ. ಅವ ಕೇಳ್ತಾ ಇದ್ದ, ನಗ್ತಾ ಇದ್ದ, ನಡುವೆ ನಡುವೆ 'ಚೂರಿ' ಅಂತಿದ್ದ. ಮಳೆ ಕಡಿಮೆಯಾಗ್ತಾ ಬಂದಾಗ ಹಗ್ಗ ಜಗ್ಗಿತು. ಮೆಟ್ಟಿಲು ಮೆಟ್ಟಿಲಾಗಿ, ಹಿಂದೆ ಹಿಂದೆ ಹೆಜ್ಜೆ ಇಡ್ತಾ, ಅವಳನ್ನೇ ನೋಡ್ತಾ ಇಳಿದು ಹೋದ.

"ಅವ ಹೋದ ಮೇಲೆ ಅಡುಗೆಮನೆಯ ಹಲಗೆಯಿಂದ ಚೂರಿ ತೆಗೆದು ನನ್ನ ಮುಂದೆ ಇಟ್ಲು. ಎಣ್ಣೆ ಹಚ್ಚಿ ಹಚ್ಚಿ ಹೊಸತರ ಹಾಗೆ ಇಟ್ಟಿದ್ಲು. 'ಪ್ರತಿ ಮಳೆಗಾಲಕ್ಕೂ ಬರ್ತಾರೆ ದಾದಾ. ಕೊಟ್ರೆ ಕೊಯ್ದುಕೊಂಡು ಹೋಗಿಬಿಡ್ತಾರೆ. ಮತ್ತೆ ಯಾಕೆ ಬರ್ತಾರೆ?' ಅಂದ್ಲು. ಅಲ್ಲ, ನೀವಾದ್ರೆ ಎಂತ ಹೇಳ್ತಿದ್ರಿ?

"ಮರುವರ್ಷ ಅವಳೇ ಫೋನ್ ಮಾಡಿ ಕರೆದ್ಲು. ಹೋದೆ. ಅವ ಬಂದ... ಆದ್ರೆ ಈ ಸಲ ನಿಲ್ಲಲಿಕ್ಕೇ ಆಗ್ತಿರಲಿಲ್ಲ ಅವನಿಗೆ. ಪಟ್ಟಿ ಹೆಗಲಿನ ಒಳಗೆ ಇಳಿದಿತ್ತು. ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡ್ಕೊಂಡಿದ್ದ. ನನ್ನನ್ನು ನೋಡಿ, 'ಕಿಟ್ಟಣ್ಣ, ನೀವಾದ್ರೂ ಹೇಳಿ ಅವಳಿಗೆ. ನೋಯ್ತದೆ' ಅಂದ. ಅಷ್ಟೇ.

"ನಾನು ಹೇಳುವ ಮೊದಲೇ ಅವಳು ಎದ್ಲು. ಚೂರಿ ತಂದ್ಲು. ಕೊಡುವಾಗ ಅವಳ ಕೈ ಅವನ ಕೈಗೆ ತಾಗಿತು, ಬಿಡಲೇ ಇಲ್ಲ ಸ್ವಲ್ಪ ಹೊತ್ತು. ಆಮೇಲೆ ಅವಳೇ ಬೆರಳು ಬಿಡಿಸಿಕೊಂಡ್ಲು. ಅವಂದು ಒಂದೇ ಎಳೆತ. ಪಟ್ಟಿ ತುಂಡಾಗಿ ಹಗ್ಗ ಸರ್ರನೆ ಮೆಟ್ಟಿಲು ಇಳಿದು ಹೋದ ಸದ್ದು ಈಗಲೂ ನನ್ನ ಕಿವಿಯಲ್ಲಿ ಉಂಟು. ಅವ ಹೊಸ್ತಿಲು ದಾಟಿದ. ಮನೆಯೊಳಗೆ ಬಂದ. ಒದ್ದೆ ಹೆಜ್ಜೆ ಅವಳ ಎದುರಿನವರೆಗೆ ಬಂತು, ಅವಳ ಸೆರಗು ಒದ್ದೆಯಾಯ್ತು... ಆಮೇಲೆ ಅಲ್ಲಿ ಯಾರೂ ಇರಲಿಲ್ಲ. ಚೂರಿಯೂ ಇರಲಿಲ್ಲ. ಆ ಸೆರಗನ್ನು ಅವಳು ಒಣಗ್ಲಿಕ್ಕೇ ಬಿಡಲಿಲ್ಲ, ಮುಷ್ಟಿಯಲ್ಲಿ ಹಿಡ್ಕೊಂಡೇ ಕೂತಿದ್ಲು.

"ಬಿಡುಗಡೆ ಆಯ್ತಲ್ಲ, ಒಳ್ಳೇದೇ ಆಯ್ತು ಅಂತೀರಾ? ಅವನಿಗೆ ಆಯ್ತು. ಇವಳಿಗೆ? ಮರುಮಳೆಗಾಲ ಬಂತು, ಹೂ ಮುಡಿದು ಕೂತ್ಲು, ಬರಲಿಲ್ಲ. ಅದರಾಚೆಯ ವರ್ಷವೂ ಇಲ್ಲ. ಆಮೇಲಾಮೇಲೆ ಮಳೆ ಹನಿದರೆ ಸಾಕು, ಮೆಟ್ಟಿಲಲ್ಲಿ ಹತ್ತಿ ಇಳಿಯುವವರನ್ನೆಲ್ಲ ಕೇಳ್ತಿದ್ಲು, 'ಆಲೇ ಕಾ?' ಬಂದ್ರಾ ಅವರು ಅಂತ. ಕೊರೊನಾ ಕಳೆದ ಮೇಲೆ ಒಂದು ಆಗಸ್ಟಿನಲ್ಲಿ ತೀರಿಕೊಂಡ್ಲು. ಬಾಗಿಲು ತೆರೆದೇ ಇತ್ತಂತೆ."

ಜಯಲತಕ್ಕ ಕಣ್ಣೊರೆಸಿಕೊಂಡಳು. "ಪಾಪ... ಅಲ್ಲಾದರೂ ಅವಳಿಗೆ ಗಂಡ ಸಿಕ್ಕಿರಬಹುದು, ಅಲ್ವಾ ಕಿಟ್ಟಣ್ಣ?"

ಕಿಟ್ಟಣ್ಣ ಚೂರಿಯನ್ನು ಕೌಶಲನ ಕೈಗೆ ಕೊಟ್ಟರು. ಹೊರಗೆ ಮಳೆ ಇನ್ನೂ ಜೋರಾಯಿತು.

"ಸಿಕ್ಕಿದ್ರೆ ಹೀಗೆ ತಿರುಗ್ತಿದ್ಲಾ ತಂಗಿ? ಆ ಬಿಲ್ಡಿಂಗು ಹೋದ ವರ್ಷ ರೀಡೆವಲಪ್‌ಮೆಂಟಿಗೆ ಹೋಯ್ತು, ಒಡೆದು ಹಾಕಿದ್ರು. ಕಾದು ಕೂತ್ಕೊಳ್ಳಲಿಕ್ಕೆ ಅವಳಿಗೆ ಒಂದು ಬಾಗಿಲು ಅಂತ ಇಲ್ಲ ಈಗ. ಮಳೆ ಹಿಡಿದರೆ ಮಿಲಿಟರಿಯವರ ಮನೆ ಹುಡುಕಿಕೊಂಡು ಬರ್ತಾಳೆ. ಬಂದು ಮೆಲ್ಲಗೆ ಕೇಳ್ತಾಳೆ. 'ಆಲೇ ಕಾ' ಅಂತ ಯಾರಾದ್ರೂ ಕೇಳಿದ್ರೆ, ಬರಲಿಲ್ಲ ಅಂತ ಮಾತ್ರ ಹೇಳಬೇಡಿ... ಅವಳ ಮುಖ ನೋಡ್ಲಿಕ್ಕೆ ಆಗೂದಿಲ್ಲ. ಮಳೆಗೆ ಗಾಡಿ ಲೇಟು, ದಾರಿಯಲ್ಲಿದ್ದಾರೆ, ಬರ್ತಾರೆ ಅಂತ ಹೇಳಿ. ನಾನು ಸಂಜೆ ಹಾಗೇ ಹೇಳಿದೆ. 'ಹಾಗಾದ್ರೆ ಇಲ್ಲೇ ಕೂತಿರ್ತೇನೆ ದಾದಾ' ಅಂದ್ಲು. ನಾನು ಇಲ್ಲಿಗೆ ಹತ್ತಿ ಬರುವಾಗ ದಾರಿ ಬಿಟ್ಟು ಸ್ವಲ್ಪ ಸರಿದು ಕೂತ್ಲು, ನಿಮ್ಮ ಬಾಗಿಲ ಎದುರಿನ ಮೆಟ್ಟಿಲಲ್ಲೇ."