ಕಣ್ಣು ಮುಚ್ಚಿದ ಕ್ಯಾಪ್ಟನ್

ಕದ್ದು ಕೇಳಲಿಲ್ಲ, ಕಿವಿಗೆ ಬಿತ್ತು. ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಅಪ್ಪ, ಮಗಳು ಕೂತಿದ್ದರು. ಅಪ್ಪ ಟೈಲರ್, ಅಳತೆ ಟೇಪು ಕೊರಳಲ್ಲೇ ಉಳಿದಿತ್ತು. ಡ್ರಾಪ್ಸ್ ಹಾಕಿಸಿಕೊಂಡು ಕಣ್ಣು ಮುಚ್ಚಿದ್ದರು. ಮಗಳಿಗೆ ನಾಡಿದ್ದು ಪೈಲಟ್ ಆಯ್ಕೆಯ ಪರೀಕ್ಷೆಯಂತೆ; ಅಪ್ಪ ಅದಕ್ಕೇ ತಾಲೀಮು ಕೊಡುತ್ತಿದ್ದರು.

“ಮೋಡ ದಾಟಿದ್ವಾ?” ಎಂದರು ಅಪ್ಪ.

“ದಾಟಿದ್ವಿ. ಕೆಳಗೆಲ್ಲ ಬಿಳಿ ಲೈನಿಂಗ್ ಬಟ್ಟೆ ಹಾಸಿದ ಹಾಗಿದೆ.”

“ನಾನು ಕ್ಯಾಪ್ಟನ್. ತಪ್ಪು ದಾರಿ ಹಿಡಿದಿದೀನಿ. ಪಕ್ಕದ ಸೀಟಲ್ಲಿರೋ ನೀನೇನು ಮಾಡ್ತೀಯ?”

“ಮರ್ಯಾದೆಯಿಂದ ಹೇಳ್ತೀನಿ. ಕೇಳದಿದ್ರೆ ಇನ್ನೊಂದು ಸಲ ಹೇಳ್ತೀನಿ.”

“ಆಗಲೂ ಕೇಳದಿದ್ರೆ?”

“‘ಕಂಟ್ರೋಲ್ ನನಗೆ ಕೊಡಿ’ ಅಂತೀನಿ. ಕ್ಯಾಪ್ಟನ್ ಬಿಟ್ಟುಕೊಡಲೇಬೇಕು.”

“ಭೇಷ್. ಪರೀಕ್ಷೆಯಲ್ಲೂ ಹೀಗೇ ಹೇಳು.”

ಮಗಳು ಅಪ್ಪನ ಕಡೆ ತಿರುಗಿ ಕೂತಳು.

“ಕ್ಯಾಪ್ಟನ್, ನಿಮ್ಮ ಕಣ್ಣಿನ ಪೊರೆ ಆಪರೇಷನ್‌ಗೆ ಇಟ್ಟ ದುಡ್ಡನ್ನೂ ನನ್ನ ಟ್ರೈನಿಂಗ್ ಫೀಸಿಗೆ ಸೇರಿಸೋದು ತಪ್ಪು.”

“ನೀನು ಪಾಸಾದ ವಾರದಲ್ಲೇ ಫೀಸು ಕಟ್ಟಬೇಕು. ಪೊರೆ ಎಲ್ಲಿಗೂ ಓಡಿಹೋಗಲ್ಲ ಬಿಡು.”

“ಎರಡನೇ ಸಲ ಹೇಳ್ತಿದೀನಿ. ಸೂಜಿಗೆ ದಾರ ಪೋಣಿಸೋಕೂ ನಿಮಗೆ ನಾನು ಬೇಕು. ನಾನು ಮುಂದಿನ ಬ್ಯಾಚಿಗೆ ಸೇರ್ತೀನಿ.”

“ಅಲ್ಲಿ ತನಕ ನಿನ್ನ ಮೋಡ?”

“ಅದೂ ಎಲ್ಲಿಗೂ ಓಡಿಹೋಗಲ್ಲ. ಕಂಟ್ರೋಲ್ ನನಗೆ ಕೊಡಿ.”

ಅಪ್ಪ ಕಣ್ಣು ತೆರೆಯಲಿಲ್ಲ. ಒಳಜೇಬಿಗೆ ಕೈಹಾಕಿ, ದಪ್ಪನೆಯ ಕವರೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟರು.

“ತಗೋ,” ಎಂದರು. “ಮೆತ್ತಗೆ ಇಳಿಸು.”

ಮಗಳು ಅವರ ತೋಳು ಹಿಡಿದು ಎಬ್ಬಿಸಿ, ಆಪರೇಷನ್‌ಗೆ ಹೆಸರು ಬರೆಸುವ ಕಿಟಕಿಯತ್ತ ನಡೆಸಿಕೊಂಡು ಹೋದಳು.